ಅಜ್ಜನ ತಲೆ, ನಮ್ಮವರ ಕೈ

ತಲೆ ಮುಟ್ಟಬಾರದು ಎನ್ನುವುದು ನಮಗೆ ಗೊತ್ತಿತ್ತು. ಅಡಿಲೇಡಿನಲ್ಲಿ ನಡೆದ ತರಬೇತಿಯ ಮೊದಲ ದಿನವೇ ಹೇಳಿದ್ದರು. ಥಾಯ್ ಜನರಿಗೆ ದೇಹದಲ್ಲೆಲ್ಲ ತಲೆಯೇ ಪವಿತ್ರ, ಪಾದ ಎಲ್ಲಕ್ಕಿಂತ ಕೀಳು. ಮುದ್ದಿಗೆಂದು ಮಕ್ಕಳ ತಲೆಯನ್ನೂ ಸವರಬೇಡಿ, ಯಾರ ಕಡೆಗೂ ಕಾಲು ಚಾಚಬೇಡಿ. ನಮ್ಮವರು ಅದನ್ನು ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದರು. ನಾನು ಬರೆದುಕೊಳ್ಳಲಿಲ್ಲ. ಯಾರಿಗಾದರೂ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಊರಿನಿಂದ ಬಂದವಳಿಗೆ ಇದರಲ್ಲಿ ಹೊಸದೇನಿದೆ ಎಂದುಕೊಂಡು ಸುಮ್ಮನೆ ಕೂತಿದ್ದೆ.

ನಾವು ಗಂಡ ಹೆಂಡತಿ ಇಬ್ಬರೂ ಮೈಸೂರಿನ ಕ್ರೈಸ್ತ ಮನೆತನದವರು. ಮಿಷನ್ ಸಂಸ್ಥೆಯೊಂದು ನಮ್ಮನ್ನು ಥಾಯ್ಲೆಂಡಿನ ಈಶಾನ್ಯ ಭಾಗದ ಹಳ್ಳಿಗಳಿಗೆ ಸೇವೆಗೆ ಕಳಿಸಲು ಒಪ್ಪಿಕೊಂಡಿತ್ತು. ಅದಕ್ಕೆ ಮುಂಚೆ ಒಂದು ಷರತ್ತು. ಪರ್ತ್‌ನ ಒಂದು ಥಾಯ್ ಮನೆಯಲ್ಲಿ ಆರು ತಿಂಗಳು ಮನೆಯವರಂತೆ ಇರಬೇಕು. ಅವರು ಉಂಡದ್ದನ್ನು ಉಣ್ಣಬೇಕು, ಅವರ ಭಾಷೆ ಕಲಿಯಬೇಕು, ಅವರ ಕೆಲಸಕ್ಕೆ ಕೈ ಹಚ್ಚಬೇಕು, ಬೋಧನೆ ಮಾತ್ರ ಮಾಡಕೂಡದು. ಕೊನೆಯಲ್ಲಿ ಮನೆಯೊಡತಿ ಅಡಿಲೇಡಿನ ಕಚೇರಿಗೆ ಫೋನ್ ಮಾಡಿ, ಇವರು ತಯಾರಾಗಿದ್ದಾರೋ ಇಲ್ಲವೋ ಹೇಳುತ್ತಾರೆ. ಅವರು ಹೂಂ ಎಂದರೆ ಹೊರಡುವುದು, ಉಹೂಂ ಎಂದರೆ ಇಲ್ಲ.

2016ರ ಕೊನೆಯಲ್ಲಿ ಥಾರ್ನ್ಲಿಯ ಆ ಮನೆಗೆ ಹೋದೆವು. ಇದ್ದವರು ಇಬ್ಬರೇ. ಒಬ್ಬರು ಐವತ್ತು ದಾಟಿದ ಮನೆಯೊಡತಿ. ಅವರನ್ನು 'ಪೀ' ಎಂದು ಕರೆಯಬೇಕಿತ್ತು, ಎಂದರೆ ಅಕ್ಕ. ನಾನು ಅಕ್ಕ ಎಂದೇ ಬರೆಯುತ್ತೇನೆ. ಎಳೆಯ ವಯಸ್ಸಿನಲ್ಲಿ ತಮ್ಮ ಹಳ್ಳಿಯಲ್ಲೇ ಕ್ರೈಸ್ತರಾದವರು, ವೆಲ್ಷ್‌ಪೂಲ್‌ನ ಒಂದು ಶೆಡ್ಡಿನಲ್ಲಿ ಸ್ಪ್ರಿಂಗ್ ರೋಲ್ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಇನ್ನೊಬ್ಬರು ಅವರ ತಂದೆ. ಎಂಬತ್ತರ ಹತ್ತಿರದ ಅಜ್ಜ, ಬೌದ್ಧರು. ಅವರ ಕೋಣೆಯ ಹಲಗೆಯ ಮೇಲೆ ಒಂದು ಪುಟ್ಟ ಬುದ್ಧ. ಅದರ ಮುಂದೆ ದಿನಾ ಬೆಳಿಗ್ಗೆ ಒಂದು ಲೋಟ ಹೊಸ ನೀರು. ತಂದೆಯನ್ನು ಪರ್ತ್‌ಗೆ ಕರೆಸಿಕೊಳ್ಳಲು ಅಕ್ಕ ವರ್ಷಗಟ್ಟಲೆ ವೀಸಾಕ್ಕೆ ಅಲೆದಿದ್ದರಂತೆ.

ಮೊದಲ ಊಟಕ್ಕೆ ನಮ್ಮವರು ಅಂಗಿಯ ತೋಳು ಮಡಿಸಿ ಅನ್ನಕ್ಕೆ ಕೈ ಹಾಕಿದರು. ಅಕ್ಕ ನಗುತ್ತಾ ಚಮಚ, ಫೋರ್ಕ್ ಮುಂದಿಟ್ಟರು. ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ತಳ್ಳಬೇಕು, ಬಾಯಿಗೆ ಹೋಗುವುದು ಚಮಚ ಮಾತ್ರ. ಸರಿ, ಕಲಿತೆವು. ಮರುದಿನ ಬಿದಿರಿನ ಬುಟ್ಟಿಯಲ್ಲಿ ಹಬೆಯಾಡುವ ಅಂಟನ್ನ ಬಂತು. ಇದಕ್ಕೆ ಚಮಚ ಬೇಡ, ಕೈಯೇ ಎಂದರು. ನಮ್ಮವರಿಗೆ ಹೋದ ಜೀವ ಬಂದಂತಾಯಿತು. ಬೆರಳ ತುದಿಯಲ್ಲಿ ಗೋಲಿಯಷ್ಟು ಉಂಡೆ ಕಟ್ಟಿ ಅಗಿಯಬೇಕಾದ ಅನ್ನವನ್ನು, ನಿಂಬೆಹಣ್ಣಿನ ಗಾತ್ರ ಮುರಿದು, ಚಟ್ನಿಯಲ್ಲಿ ಹೊರಳಿಸಿ, ರಾಗಿಮುದ್ದೆಯಂತೆ ಅಗಿಯದೆ ನುಂಗಿಬಿಟ್ಟರು. ಗಂಟಲಲ್ಲಿ ಸಿಕ್ಕಿಕೊಂಡಿತು. ನಾನು ಬೆನ್ನಿಗೆ ಗುದ್ದುತ್ತಿದ್ದರೆ ಅಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಲ್ಲಿಂದ ಅವರಿಬ್ಬರಿಗೆ ಸ್ನೇಹವಾಯಿತು.

ಕೆಲಸ ಹಂಚಿಕೆಯಾಯಿತು. ಬೆಳಿಗ್ಗೆ ನಾನು ಅಕ್ಕನ ಜೊತೆ ವೆಲ್ಷ್‌ಪೂಲ್‌ಗೆ. ಸ್ಪ್ರಿಂಗ್ ರೋಲಿನ ಹಾಳೆಗಳು ಒಣಗದಂತೆ ಒದ್ದೆ ಬಟ್ಟೆಯ ಕೆಳಗಿಡಬೇಕು. ಹೂರಣದ ಕೋಸು, ಕ್ಯಾರೆಟ್, ಗಾಜಿನಂಥ ಶ್ಯಾವಿಗೆ ಎಲ್ಲವನ್ನೂ ಹಿಂಡಿ ಆರಿಸಬೇಕು, ನೀರು ಉಳಿದರೆ ಎಣ್ಣೆಯಲ್ಲಿ ಸಿಡಿಯುತ್ತದೆ. ಸುತ್ತುವಾಗ ಬಿಗಿ ಕಮ್ಮಿಯಾದರೆ ಎಣ್ಣೆ ಕುಡಿಯುತ್ತದೆ, ಹೆಚ್ಚಾದರೆ ಹರಿಯುತ್ತದೆ. ನನ್ನವು ಮೊದಮೊದಲು ಬಾಣಂತಿ ದಿಂಬಿನ ಹಾಗೆ ಬರುತ್ತಿದ್ದವು. ಅಕ್ಕ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಿದ್ದರು. ನಾನು ಆ ಕಡೆ ತಿರುಗಿದಾಗ ಅವನ್ನೆಲ್ಲ ಬಿಚ್ಚಿ ಮತ್ತೆ ಸುತ್ತುತ್ತಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ.

ಇದಕ್ಕೆ ಅವರಲ್ಲಿ 'ಕ್ರೆಂಗ್ ಜಾಯ್' ಎನ್ನುತ್ತಾರೆ. ಎದುರಿನವರ ಮನಸ್ಸಿಗೆ ಭಾರವಾಗುವ ಮಾತನ್ನು ಆಡದಿರುವುದು. ಇಂಗ್ಲಿಷಿನವರು ಇದನ್ನು ವಿವರಿಸಲು ತಿಣುಕುತ್ತಾರೆ. ನಮ್ಮಲ್ಲಿ ಹಳೆಯ ಪದವೇ ಇದೆ, ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಧರ್ಮಪ್ರಚಾರಕನ ಹೆಂಡತಿ ನಾಲ್ಕು ಜನರ ಮುಂದೆ ಹೇಳುವ ಗಾದೆಯಲ್ಲ, ಆದರೆ ಆ ಮನೆಯಲ್ಲಿ ನನಗೆ ದಿನಕ್ಕೊಮ್ಮೆಯಾದರೂ ನೆನಪಾಗುತ್ತಿತ್ತು. ನನ್ನ ಸಾರಿನ ಕತೆಯೂ ಅದೇ. ಒಂದು ದಿನ ಮೈಸೂರು ಸಾರು ಮಾಡಿದೆ, ಇಂಗಿನ ಒಗ್ಗರಣೆ ಹಾಕಿ. ಅಕ್ಕ "ರುಚಿ" ಎಂದರು. ಅಷ್ಟು ಸಾಕಾಯಿತು ನನಗೆ. ಅವರ ಮನೆಯ ಕೊಳೆಹಾಕಿದ ಮೀನಿನ ವಾಸನೆಯನ್ನು ನಾನು ಸಹಿಸಿಕೊಂಡಿದ್ದಕ್ಕೆ ಪ್ರತಿಯಾಗಿ ವಾರಕ್ಕೆ ಎರಡು ದಿನ ಸಾರು ಇಟ್ಟೆ.

ನಮ್ಮವರು ಮಧ್ಯಾಹ್ನ ವ್ಯಾನಿನಲ್ಲಿ ಅಂಗಡಿಗಳಿಗೆ ಮಾಲು ಮುಟ್ಟಿಸಿ ಬಂದು, ಬಿಸಿಲು ಇಳಿದ ಮೇಲೆ ಅಜ್ಜನ ಜೊತೆ ವಾಕಿಂಗ್ ಹೋಗುತ್ತಿದ್ದರು. ರೈಲು ಹಳಿಯ ಪಕ್ಕದ ದಾರಿಯಲ್ಲಿ ಶಾಪಿಂಗ್ ಸೆಂಟರಿನ ತನಕ. ಅದೇ ಅವರ ಪಾಠಶಾಲೆ. ಅಜ್ಜ ಕೋಲಿನಿಂದ ಒಂದೊಂದನ್ನು ತೋರಿಸಿ ಹೆಸರು ಹೇಳುವುದು, ಇವರು ಒಪ್ಪಿಸುವುದು. ಥಾಯ್ ಭಾಷೆಯಲ್ಲಿ ದನಿ ಏರಿದರೆ ಒಂದರ್ಥ, ಇಳಿದರೆ ಇನ್ನೊಂದು. ಸರಿಯಾಗುವವರೆಗೆ ಅಜ್ಜ ಬಿಡುತ್ತಿರಲಿಲ್ಲ, ನಿಂತಲ್ಲೇ ನಿಲ್ಲಿಸಿ ಮತ್ತೆ ಹೇಳಿಸುತ್ತಿದ್ದರು. ಆ ಮನೆಯಲ್ಲಿ ನಮ್ಮ ತಪ್ಪನ್ನು ತಪ್ಪು ಎಂದು ಹೇಳುತ್ತಿದ್ದವರು ಅವರೊಬ್ಬರೇ.

ಫೆಬ್ರವರಿಯ ಸುಡುಬಿಸಿಲಿನಲ್ಲಿ ಅಜ್ಜನಿಗೆ ಜ್ವರ ಬಂತು. ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದ್ದರು. ಸಂಜೆ ಉಸಿರು ಜೋರಾಯಿತು. ಅಕ್ಕ ಗಾಬರಿಯಾಗಿ ನಮ್ಮವರನ್ನು ಕರೆದು, "ಅಪ್ಪನಿಗೋಸ್ಕರ ಪ್ರಾರ್ಥನೆ ಮಾಡು" ಎಂದರು. ನಮ್ಮವರು ಮಂಚದ ಅಂಚಿನಲ್ಲಿ ಕೂತು, ಕಣ್ಣು ಮುಚ್ಚಿ, ಅಜ್ಜನ ನೆತ್ತಿಯ ಮೇಲೆ ಬಲಗೈ ಇಟ್ಟರು. ನಮ್ಮೂರ ಚರ್ಚಿನ ಸಭೆಯಲ್ಲಿ ಪಾದ್ರಿ ಅಯ್ಯನವರು ರೋಗಿಗಳಿಗೆ ಮಾಡುವುದೇ ಹಾಗೆ. ಇವರಪ್ಪನಿಗೆ, ನನ್ನ ತಾಯಿಗೆ, ಆಸ್ಪತ್ರೆಯಲ್ಲಿ ಮಲಗಿದ್ದಾಗ ನನಗೂ ಹಾಗೇ ಮಾಡಿದ್ದರು. ಪ್ರಾರ್ಥನೆ ದೀರ್ಘವಾಗಿಯೇ ಇತ್ತು. ಅದು ಮುಗಿಯುವವರೆಗೆ ಕೈ ಅಲ್ಲೇ ಇತ್ತು. ಆಮೆನ್ ಆದಾಗ ಅಜ್ಜ ಕಣ್ಣು ತೆರೆದು ಒಮ್ಮೆ ಸೂರನ್ನು ನೋಡಿದರು, ಆಮೇಲೆ ನಕ್ಕರು.

ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು. ನಮ್ಮವರ ಮುಖ ನೋಡಬೇಕಿತ್ತು. ಅಜ್ಜ ಚೇತರಿಸಿಕೊಂಡರು, ಆದರೆ ಊಟದ ಮೇಜಿಗೆ ಬರಲಿಲ್ಲ. ಅಕ್ಕ ತಟ್ಟೆಯನ್ನು ಕೋಣೆಗೇ ಒಯ್ಯತೊಡಗಿದರು. ವಾಕಿಂಗಿಗೆ ಕರೆದರೆ ಮೊದಲು ಬಿಸಿಲು ಎಂದರು, ಬಿಸಿಲು ಕಮ್ಮಿಯಾದ ಮೇಲೆ ಮಂಡಿನೋವು ಎಂದರು. ಇರಬಹುದು, ವಯಸ್ಸಾಗಿದೆ ಎಂದುಕೊಂಡೆವು. ಒಂದು ಮಧ್ಯಾಹ್ನ ನಾವಿಬ್ಬರೂ ವ್ಯಾನಿನಲ್ಲಿ ಬರುವಾಗ ರೈಲು ಹಳಿಯ ಪಕ್ಕ ಅಜ್ಜ ಒಬ್ಬರೇ ಕೋಲು ಬೀಸಿಕೊಂಡು ಸರಸರ ನಡೆದು ಹೋಗುತ್ತಿರುವುದು ಕಂಡಿತು. ನಮ್ಮವರು ವ್ಯಾನ್ ನಿಧಾನ ಮಾಡಿ, ಮತ್ತೇನು ತೋಚಿತೋ, ಮುಂದಕ್ಕೆ ಓಡಿಸಿದರು. 

ಮರುದಿನ ಶೆಡ್ಡಿನಲ್ಲಿ ಅಕ್ಕನನ್ನು ನೇರವಾಗಿ ಕೇಳಿದೆ.

"ಅಜ್ಜನಿಗೆ ನಮ್ಮ ಮೇಲೆ ಬೇಜಾರಾಗಿದ್ಯಾ ಅಕ್ಕ?"

"ಇಲ್ಲ ಇಲ್ಲ. ಮೈ ಪೆನ್ ರೈ," ಎಂದು ನಕ್ಕರು. ಏನೂ ಪರವಾಗಿಲ್ಲ ಎಂದರ್ಥ. ಆರು ಹಾಳೆ ಸುತ್ತಿದರು. ಆಮೇಲೆ ಯಾರದೋ ಮನೆಯ ಸುದ್ದಿ ಹೇಳುವವರಂತೆ, "ಸೊಂಕ್ರಾನ್ ಮುಗಿದ ಮೇಲೆ ಅಪ್ಪ ಊರಿಗೆ ವಾಪಸ್ ಹೋಗ್ತಾರಂತೆ. ಟಿಕೆಟ್ ನೋಡು ಅಂದಿದಾರೆ," ಎಂದರು. ಸೊಂಕ್ರಾನ್ ಎಂದರೆ ಏಪ್ರಿಲ್ ನಡುವೆ ಬರುವ ಅವರ ಹೊಸ ವರ್ಷ. ಹೇಳುವಾಗಲೂ ನಗುತ್ತಲೇ ಇದ್ದರು, ಆದರೆ ಕೈಯಲ್ಲಿದ್ದ ರೋಲ್ ಹರಿದುಹೋಗಿತ್ತು. ಅಷ್ಟು ವರ್ಷ ಅಲೆದು ಕರೆಸಿಕೊಂಡ ತಂದೆ ನಮ್ಮಿಂದಾಗಿ ಮನೆ ಬಿಟ್ಟು ಹೊರಟಿದ್ದರು.

ಅಂದೇ ಬ್ರಿಸ್ಬೇನ್‌ಗೆ ಫೋನ್ ಮಾಡಿದೆ. ಅಲ್ಲಿನ ರನ್‌ಕಾರ್ನ್‌ನಲ್ಲಿ ನಮ್ಮ ಮೈಸೂರಿನವರೇ ಆದ ಒಬ್ಬ ಆಂಟಿ ಮಗನ ಮನೆಯಲ್ಲಿದ್ದಾರೆ. ಗಂಡ ಹೆಂಡತಿ ಬಹಳ ವರ್ಷ ಥಾಯ್ಲೆಂಡಿನ ಹಳ್ಳಿಗಳಲ್ಲಿ ಸೇವೆ ಮಾಡಿದವರು. ಅಕ್ಕ ಕ್ರೈಸ್ತರಾದದ್ದು ಅವರ ಕೈಯಲ್ಲೇ, ನಮಗೆ ಈ ಮನೆ ಹುಡುಕಿಕೊಟ್ಟವರೂ ಅವರೇ. ನಡೆದದ್ದನ್ನೆಲ್ಲ ಹೇಳಿದೆ.

"ಕೈ ಇಟ್ಟುಬಿಟ್ರಾ ತಲೆ ಮೇಲೆ? ಅಯ್ಯೋ ನಿನ್ನ," ಎಂದರು ಆಂಟಿ. "ಮಗನ ವಯಸ್ಸಿನವನು, ಅದೂ ಮಗಳ ಎದುರಿಗೆ. ಆ ಮನುಷ್ಯ ಯಾರ ಹತ್ರನೂ ಹೇಳ್ಕೊಳಲ್ಲಮ್ಮ. ಎದ್ದು ಹೋಗ್ಬಿಡ್ತಾರೆ ಅಷ್ಟೇ."

"ಏನ್ ಮಾಡ್ಬೇಕು ಆಂಟಿ? ಇವರು ಸಾರಿ ಕೇಳೋಕೆ ಹೋದ್ರೆ?"

"ಮುಖಕ್ಕೆ ಮುಖ ಕೊಟ್ಟು ಕೇಳ್ಬೇಡಿ, ಇನ್ನೂ ಅವಮಾನ. ಅದಕ್ಕೆ ಅವರಲ್ಲಿ ದಿನಾನೇ ಇದೆ. ಸೊಂಕ್ರಾನ್ ದಿನ ಕಿರಿಯರು ಕೆಳಗೆ ಕೂತು ಹಿರಿಯರ ಅಂಗೈಗೆ ನೀರು ಹಾಕಿ, ತಿಳಿದೋ ತಿಳೀದೆನೋ ಮಾಡಿದ್ದನ್ನ ಕ್ಷಮಿಸಿ ಅಂತಾರೆ. ಅವರು ಹರಸ್ತಾರೆ. ಅಲ್ಲಿಗೆ ಮುಗೀತು."

"ಅಕ್ಕನೂ ಮಾಡ್ತಾರಲ್ವಾ?"

"ಇಲ್ಲ. ದೀಕ್ಷಾಸ್ನಾನ ಆದಾಗ ನಾನೇ ಬೇಡ ಅಂದಿದ್ದೆ. ಅದೆಲ್ಲ ಹಳೇ ಧರ್ಮದ್ದು, ಬಿಟ್ಬಿಡು ಅಂದೆ. ಬಿಟ್ಟಳು. ಅವತ್ತಿಂದ ಆ ತಂದೆ ಕೈಗೆ ಮಗಳ ನೀರು ಬಿದ್ದಿಲ್ಲ. ನನಗಾಗ ಎಲ್ಲಾ ಗೊತ್ತು ಅನ್ನೋ ವಯಸ್ಸು ಕಣಮ್ಮ."

ನನಗೆ ಸಿಟ್ಟು ಬಂತು. ಆಂಟಿಯ ಮೇಲೆ, ನಮ್ಮವರ ಮೇಲೆ, ಗೆರೆ ಎಳೆದು ಬರೆದುಕೊಂಡ ಆ ತರಬೇತಿಯ ಮೇಲೆ. ಆ ಅಜ್ಜ ನಮ್ಮಂಥವರ ಕೈಯಲ್ಲಿ ಸಣ್ಣವರಾದದ್ದು ಇದು ಎರಡನೇ ಸಲ. ಫೋನ್ ಇಟ್ಟು ಹಿತ್ತಲಿಗೆ ಹೋದೆ. ನಮ್ಮವರು ಹುಲ್ಲು ಕತ್ತರಿಸುತ್ತಿದ್ದರು. ಎಲ್ಲ ಹೇಳಿದೆ. ಮಷೀನು ನಿಲ್ಲಿಸಿದರು.

"ಪ್ರಾರ್ಥನೆ ಮಾಡಿದ್ದಕ್ಕೆ ನಾನು ಕ್ಷಮೆ ಕೇಳ್ಬೇಕೇನೇ? ಜ್ವರ ಇಳೀಲಿಲ್ವಾ?"

"ಪ್ರಾರ್ಥನೆಗಲ್ಲ ರೀ. ಕೈಗೆ."

"ಕೈ ಬೇರೆ ಪ್ರಾರ್ಥನೆ ಬೇರೆನಾ?"

"ದೇವರು ನಿಮ್ಮ ಕೈ ಅಲ್ಲಿದ್ರೇ ಕೇಳಿಸ್ಕೊಳೋದಾ? ಪಕ್ಕದಲ್ಲಿ ಕೈ ಮುಗಿದು ಕೂತಿದ್ರೆ ಕೇಳ್ತಿರ್ಲಿಲ್ವಾ?"

ಅವರು ಮತ್ತೆ ಮಷೀನು ಶುರು ಮಾಡಿದರು. ಕೆಲವು ದಿನ ನಮ್ಮಿಬ್ಬರ ಮಧ್ಯೆ ಮಾತು ಅಷ್ಟಕ್ಕಷ್ಟೇ. ಆಂಟಿ ಬೇಡವೆಂದಿದ್ದರೂ ಹಟಕ್ಕೆ ಬಿದ್ದು ಒಂದು ಸಂಜೆ ಅಜ್ಜನ ಕೋಣೆಯ ಬಾಗಿಲಲ್ಲಿ ನಿಂತು, ಕಲಿತ ಥಾಯ್ ಮಾತಿನಲ್ಲಿ ಕ್ಷಮೆ ಕೇಳಿಯೂ ಬಂದರು. ಅಜ್ಜ ನಗುತ್ತಾ ಮೈ ಪೆನ್ ರೈ ಎಂದರಂತೆ. ಮರುದಿನದಿಂದ ಆ ಬಾಗಿಲು ಮುಚ್ಚಿಕೊಂಡೇ ಇರತೊಡಗಿತು. ಅಕ್ಕ ನಮ್ಮ ಊಟದ ಹೊತ್ತನ್ನೂ ಬೇರೆ ಮಾಡಿದರು, ನಿಮಗೆ ಕೆಲಸದಿಂದ ಬಂದ ಕೂಡಲೇ ಹಸಿವಾಗುತ್ತದಲ್ಲ ಎಂಬ ನೆಪ ಹೇಳಿ.

ಇದರ ನಡುವೆಯೇ ಅಡಿಲೇಡಿನ ಅಧಿಕಾರಿಯ ಫೋನ್ ಬಂತು. ಏಪ್ರಿಲ್ ಕೊನೆಗೆ ಮನೆಯೊಡತಿಯನ್ನು ವಿಚಾರಿಸುತ್ತೇವೆ, ಈವರೆಗೆ ಆಕೆ ಎಲ್ಲ ಚೆನ್ನಾಗಿದೆ ಎಂದೇ ಹೇಳಿದ್ದಾರೆ, ಹೊರಡುವ ಸಿದ್ಧತೆ ಮಾಡಿಕೊಳ್ಳಿ ಎಂದರು. ನಮ್ಮವರು ಫೋನ್ ಇಟ್ಟು ನನ್ನ ಮುಖ ನೋಡಿದರು.

"ಚೆನ್ನಾಗಿದೆಯಂತೆ," ಎಂದೆ. "ನನ್ನ ಸ್ಪ್ರಿಂಗ್ ರೋಲೂ ಚೆನ್ನಾಗಿತ್ತು."

ಅವರು ಅಡುಗೆಮನೆಯ ಕಟ್ಟೆಗೆ ಒರಗಿದರು. ಆಮೇಲೆ ಮೆಲ್ಲಗೆ, "ಒಂದು ಮನೇಲಿ ಒಬ್ಬ ಮುದುಕರನ್ನ ಓಡಿಸ್ಬಿಟ್ಟು, ಅವರ ಊರಿಗೆ ಹೋಗಿ ಏನಂತ ಹೇಳ್ಲಿ ನಾನು?" ಎಂದರು. ನನ್ನ ಕಡೆ ತಿರುಗಿ, "ನೀರು ಹಾಕೋಣ," ಎಂದರು.

ಅಡಿಲೇಡಿಗೆ ಅವರೇ ಫೋನ್ ಮಾಡಿ ತಿಳಿಸಿದರು. ಅನುಮತಿ ಕೇಳಲಿಲ್ಲ, ಹೀಗೆ ಮಾಡುತ್ತಿದ್ದೇವೆ ಎಂದಷ್ಟೇ ಹೇಳಿದರು. ಅದು ಪೂಜೆಯೋ ಗೌರವವೋ ಎಂದು ಅಧಿಕಾರಿ ಕೇಳಿದರು. ಹಿರಿಯರೊಬ್ಬರಿಗೆ ನೋವು ಮಾಡಿದ್ದೇನೆ, ಅವರಿಗೆ ಅರ್ಥವಾಗುವ ಹಾಗೆ ಕ್ಷಮೆ ಕೇಳುತ್ತೇನೆ ಎಂದರು ಇವರು. ಈಸ್ಟರ್ ಮುಗಿಯಲಿ, ಮಾತಾಡೋಣ ಎಂದಿತು ಆ ಕಡೆಯ ದನಿ. ಅದರಲ್ಲಿ ಸಂತೋಷವೇನೂ ಇರಲಿಲ್ಲ.

ಅಕ್ಕನಿಗೂ ಹೇಳಿದೆವು. ಅವರು ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದರು. ಎರಡು ದಿನ ಬಿಟ್ಟು ನೋಡಿದರೆ ಅಡುಗೆ ಕಟ್ಟೆಯ ಮೇಲೆ ಥಾಯ್ ಅಂಗಡಿಯಿಂದ ತಂದ ಪರಿಮಳದ ನೀರಿನ ಒಂದು ಪುಟ್ಟ ಬಾಟಲಿ ಇತ್ತು. ಇಟ್ಟವರು ಯಾರು ಎಂದು ನಾನು ಕೇಳಲಿಲ್ಲ.

ತಯಾರಿ ಶುರುವಾಯಿತು. ಹಿರಿಯರ ಮುಂದೆ ಚಕ್ಕಂಬಕ್ಕಳ ಹಾಕಿ ಕೂರುವಂತಿಲ್ಲ. ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಿಸಿ, ಪಾದ ಹಿಂದಕ್ಕೆ ಮರೆಯಾಗುವಂತೆ ಕೂರಬೇಕು. ಹೊಟ್ಟೆ ಬಂದಿರುವ ನಮ್ಮವರು ದಿನಾ ಸಂಜೆ ಹಜಾರದಲ್ಲಿ ಅಭ್ಯಾಸ ಮಾಡುವುದು, ಒಂದು ಕಡೆಗೆ ವಾಲುವುದು, ನಾನು ದಿಂಬು ಕೊಟ್ಟು ಎತ್ತುವುದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಾನು ರೇಗಿಸಿದರೆ, ಮಂಡಿ ಉಜ್ಜಿಕೊಳ್ಳುತ್ತಾ, "ನೀರಿಗೆ ಬಂದಿದೀನಿ, ಎದ್ದು ಹೋಗೋದು ಹೆಂಗೆ ಹೇಳು," ಎಂದರು. ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು. ನೀರು ಹಾಕುವಾಗ ಹೇಳಬೇಕಾದ ಮಾತನ್ನು ಆಂಟಿ ಫೋನಿನಲ್ಲಿ ಹೇಳಿಕೊಟ್ಟರು.

ಆ ವರ್ಷ ಸೊಂಕ್ರಾನ್ ಬಿದ್ದದ್ದು ಈಸ್ಟರಿಗೆ ಮುಂಚಿನ ನಮ್ಮ ಪವಿತ್ರ ಗುರುವಾರದ ದಿನವೇ. ನಮ್ಮ ಮೈಸೂರಿನ ಸಭೆಯಲ್ಲಿ ಅಂದು, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಅಯ್ಯನವರು ಮಂಡಿಯೂರಿ ಹನ್ನೆರಡು ಜನರ ಕಾಲು ತೊಳೆಯುತ್ತಿದ್ದರು. ಬೆಳಿಗ್ಗೆ ಹಲ್ಲುಜ್ಜುತ್ತಾ ನಮ್ಮವರು ಅದನ್ನು ನೆನೆಸಿಕೊಂಡು, "ಇಲ್ಲಿ ಕೈ, ಅಷ್ಟೇ ವ್ಯತ್ಯಾಸ," ಎಂದರು. ಹಿಂದಿನ ಪಡಸಾಲೆಯಲ್ಲಿ ಕುರ್ಚಿ ಹಾಕಿ, ಕೆಳಗೆ ಚಾಪೆ ಹಾಸಿದೆವು. ಬಟ್ಟಲಿನ ನೀರಿಗೆ ಪರಿಮಳ ಬೆರೆಸಿ ಗುಲಾಬಿ ಎಸಳು ತೇಲಿಬಿಟ್ಟೆ; ಮಲ್ಲಿಗೆ ಸಿಕ್ಕಿರಲಿಲ್ಲ. ಅಜ್ಜನನ್ನು ಕರೆಯುವುದು ಹೇಗೆಂದು ನಾವು ಮುಖ ಮುಖ ನೋಡಿಕೊಳ್ಳುತ್ತಿರುವಾಗಲೇ ಅವರ ಕೋಣೆಯ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ತಾವಾಗಿಯೇ ಕುರ್ಚಿಯಲ್ಲಿ ಕೂತರು. ನಮ್ಮ ತಯಾರಿಯನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರೋ ಏನೋ.

ನಮ್ಮವರು ಕಾಲು ಮಡಿಸಿ ಕೂತು, ತಲೆ ತಗ್ಗಿಸಿ, ಅಜ್ಜ ಚಾಚಿದ ಬೊಗಸೆಗೆ ನೀರು ಹೊಯ್ದರು. ಕೈಯಿಂದ, ಮಾತಿನಿಂದ, ಮನಸ್ಸಿನಿಂದ ಮಾಡಿದ ತಪ್ಪನ್ನು ಕ್ಷಮಿಸಿ ಎಂಬ ಮಾತನ್ನು ಅರ್ಧ ಹೇಳಿದ್ದರು. ಅಜ್ಜ ತಡೆದರು. ಒಂದು ಶಬ್ದವನ್ನು ಎಳೆದು, ದನಿ ಏರಿಸಿ ಹೇಳಿ ತೋರಿಸಿದರು. ಇವರು ಮತ್ತೆ ಹೇಳಿದರು. ಉಹೂಂ, ಇನ್ನೊಮ್ಮೆ. ಮೂರನೆಯ ಸಲಕ್ಕೆ ತಲೆಯಾಡಿಸಿದರು. ಅಜ್ಜ ಆ ಒದ್ದೆ ಕೈಯನ್ನು ಹಾಗೇ ಎತ್ತಿ ಇವರ ನೆತ್ತಿಯ ಮೇಲಿಟ್ಟು, ತಮ್ಮ ಭಾಷೆಯಲ್ಲಿ ಏನೇನೋ ಹರಸಿದರು. ಹರಕೆ ದೀರ್ಘವಾಗಿಯೇ ಇತ್ತು. ನೀರು ಕತ್ತಿನಿಂದಿಳಿದು ಅಂಗಿಯ ಬೆನ್ನು ತೋಯುತ್ತಿತ್ತು.

ಆಮೇಲೆ ನಾನು ಹೊಯ್ದೆ. ನಾನು ಹಿಂದೆ ಸರಿದ ಮೇಲೂ ಅಜ್ಜ ಕೈ ಹಿಂತೆಗೆದುಕೊಳ್ಳಲಿಲ್ಲ. ಚಾಚಿದಂತೆಯೇ ಇಟ್ಟುಕೊಂಡು ಕೂತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಬರುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಬರಲಿ ಎಂದು ಮಾತ್ರ ಪ್ರಾರ್ಥಿಸುತ್ತಿದ್ದೆ. ಬಂದರು. ಬಾಗಿಲಿನಿಂದಲೇ ಮಂಡಿಯೂರಿ ನಡೆದು ಬಂದು ಬಟ್ಟಲು ತೆಗೆದುಕೊಂಡರು. ಹೊಯ್ದ ನೀರೆಲ್ಲ ತಂದೆಯ ಪ್ಯಾಂಟಿನ ಮೇಲೆ ಚೆಲ್ಲಿತು. ಹೇಳಬೇಕಾದ ಮಾತು ಅವರ ಬಾಯಿಂದ ಹೊರಡಲಿಲ್ಲ. ಅಜ್ಜ ಆ ಮಾತಿಗೆ ಕಾಯದೆಯೇ ಹರಸಿದರು. ನಾವಿಬ್ಬರೂ ಚಾಪೆ ಬಿಟ್ಟು ಒಳಗೆ ಹೋದೆವು.

ಅಂದು ಮಧ್ಯಾಹ್ನ ಮೇಜಿನ ಮೇಲೆ ನಾಲ್ಕು ತಟ್ಟೆಗಳಿದ್ದವು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಅಡಿಲೇಡಿನ ಫೋನ್ ಬಂತು. ನಾನು ಒಲೆಯ ಮುಂದೆ ಸಾರಿಗೆ ಇಂಗಿನ ಒಗ್ಗರಣೆ ಹಾಕುತ್ತಿದ್ದೆ, ನಮ್ಮವರು ಅಜ್ಜನ ಪಕ್ಕ ಕೂತು ಪಾಠ ಒಪ್ಪಿಸುತ್ತಿದ್ದರು. ಅಕ್ಕ ನಮ್ಮೆದುರಿಗೇ ಮಾತಾಡಿದರು. ಆ ಕಡೆಯ ಪ್ರಶ್ನೆ ಕೇಳಿಸಲಿಲ್ಲ, ಅಕ್ಕನ ಮಾತಷ್ಟೇ ಕೇಳಿಸಿತು.

"ಇಲ್ಲ. ಇನ್ನೂ ತಯಾರಾಗಿಲ್ಲ," ಎಂದರು. "ಇವನಿಗೆ ಮಾತು ಸರಿಯಾಗಿ ಬರಲ್ಲ, ಕೂರೋಕೆ ಬರಲ್ಲ. ಇವಳು ಸುತ್ತಿದ್ದು ಈಗಲೂ ಬಿಚ್ಚಿಕೊಳ್ಳತ್ತೆ. ಇನ್ನಾರು ತಿಂಗಳು ನಮ್ಮನೇಲೇ ಇರಲಿ."

ಫೋನ್ ಇಟ್ಟು, ಮೂಗು ಹಿಡಿದುಕೊಂಡು ನನ್ನ ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಇದನ್ನೂ ಹೇಳಿಬಿಡ್ತೀನಿ. ನಿನ್ನ ಈ ಸಾರು ನನಗೆ ಸೇರಲ್ಲ. ಮೊದಲನೇ ದಿನದಿಂದಲೂ ಸೇರಲಿಲ್ಲ."

ನಮ್ಮವರು ಎದ್ದು ನಿಂತುಬಿಟ್ಟಿದ್ದರು. ನಾನು ಸೌಟು ಹಿಡಿದುಕೊಂಡೇ ಅತ್ತೆ, ನಗುತ್ತಾ. ಬೇರೆ ಯಾವ ಪರೀಕ್ಷೆಯಲ್ಲಿ ಫೇಲಾದಾಗಲೂ ನನಗೆ ಅಷ್ಟು ಸಂತೋಷವಾದದ್ದಿಲ್ಲ. ಆ ಸಾರನ್ನು ನಾವಿಬ್ಬರೇ ಎರಡು ದಿನ ಉಂಡು ಮುಗಿಸಿದೆವು.